ಜಕ್ಕಲಿಯ ಮನೆಯಲ್ಲೊಂದು ನಾಡಿನ ನಕ್ಷೆ

ಊರಿನ ಇತಿಹಾಸ ಎಂದೊಡನೆ ಕಣ್ಣು ಹಳೆಯ ಕಲ್ಲುಗಳನ್ನು ಹುಡುಕುತ್ತದೆ. ಗದಗ ಜಿಲ್ಲೆಯ ರೋಣ ಸೀಮೆಯಲ್ಲಿ ಇದು ಸಹಜವೇ. ನರೇಗಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ಬಸದಿ ಇದೆ. ಚಾಲುಕ್ಯರ ಅಕ್ಕಾದೇವಿ ಆಳಿದ ಸೂಡಿಯಲ್ಲಿ ಜೋಡುಕಳಸದ ಗುಡಿ, ನಾಗಕುಂಡಗಳಿವೆ. ಇಂಥ ಊರುಗಳ ನೆರೆಯಲ್ಲಿರುವ ಜಕ್ಕಲಿ ಎರೆಹೊಲಗಳ ಸಣ್ಣ ಹಳ್ಳಿ. ಅಲ್ಲಿ ನೋಡಬೇಕಾದದ್ದೇನು? ಒಂದು ಮನೆ, ಆ ಮನೆಯೊಳಗಿನ ಒಂದು ಚಿತ್ರ.

ಅದು ಅಂದಾನಪ್ಪ ದೊಡ್ಡಮೇಟಿ ಅವರ ಮನೆ. 1908ರಲ್ಲಿ ಜಕ್ಕಲಿಯಲ್ಲಿ ಹುಟ್ಟಿದ ಅವರು ಸ್ವಾತಂತ್ರ್ಯ ಹೋರಾಟಗಾರರು, ಶಾಸಕರು. ಅವರು ಬೆಳೆದ ಕಾಲದಲ್ಲಿ ಕನ್ನಡಿಗರಿಗೆ ಒಂದೇ ರಾಜ್ಯವಿರಲಿಲ್ಲ. ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರದ ಜನ ಮುಂಬಯಿ ಸರ್ಕಾರದ ಕೈಕೆಳಗಿದ್ದರು. ಬಳ್ಳಾರಿ, ಮಂಗಳೂರುಗಳು ಮದ್ರಾಸಿಗೆ, ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದಿಗೆ ಸೇರಿದ್ದವು. ಮೈಸೂರು, ಕೊಡಗು ಬೇರೆ ಬೇರೆ. ರೋಣದ ರೈತನಿಗೆ ರಾಜಧಾನಿ ದೂರದ ಮುಂಬಯಿ. ಅಲ್ಲಿ ಕನ್ನಡ ಅಲ್ಪಸಂಖ್ಯಾತರ ಮಾತು. ಏಕೀಕರಣದ ಕೂಗು ಹುಟ್ಟಿದ್ದು ಈ ನೋವಿನಿಂದ. 1947ರಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಕರ್ನಾಟಕ ಏಕೀಕರಣದ ನಿರ್ಣಯ ಮಂಡಿಸಿದವರು ದೊಡ್ಡಮೇಟಿಯವರೇ.

ನಿರ್ಣಯದ ಭಾಷೆ ಓದು ಬಲ್ಲವರಿಗೆ ತಿಳಿಯುತ್ತದೆ. ಹಳ್ಳಿಯ ಜನರಿಗೆ ನಾಡು ಕಣ್ಣಿಗೆ ಕಾಣಬೇಕಲ್ಲ? ದೊಡ್ಡಮೇಟಿಯವರ ಕಲ್ಪನೆಯಂತೆ ಗದುಗಿನ ಕಲಾವಿದ ಸಿ.ಎನ್. ಪಾಟೀಲರು ತಾಯಿ ಭುವನೇಶ್ವರಿಯನ್ನು ಕರ್ನಾಟಕದ ನಕ್ಷೆಯಲ್ಲಿ ಮೂಡಿಸಿದರು. ಅದು 1953ರ ಮಾತು. ಅಂಥದೊಂದು ರಾಜ್ಯ ಆಗ ಸರ್ಕಾರದ ಯಾವ ಭೂಪಟದಲ್ಲೂ ಇರಲಿಲ್ಲ. ಅದು ಹುಟ್ಟಿದ್ದು ಮೂರು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು. ರಾಜ್ಯಕ್ಕಿಂತ ಮೊದಲು ಚಿತ್ರ ಬಂತು. ಆ ಮನೆಯಲ್ಲಿ ಅದಕ್ಕೆ ಪೂಜೆಯೂ ನಡೆದುಕೊಂಡು ಬಂದಿದೆ.

ಒಂದಾದ ರಾಜ್ಯಕ್ಕೆ ಇಟ್ಟ ಹೆಸರು ಮೈಸೂರು. ಅದು ಕರ್ನಾಟಕ ಎಂದಾಗಬೇಕೆಂದು ದೊಡ್ಡಮೇಟಿಯವರು ಸದನದಲ್ಲಿ ವಾದಿಸಿದರು. ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದನ್ನು ಕೇಳಲು ಅವರಿರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

2025ರ ಜನವರಿಯಲ್ಲಿ ಬೆಂಗಳೂರಿನ ವಿಧಾನಸೌಧದ ಆವರಣದಲ್ಲಿ ಭುವನೇಶ್ವರಿಯ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಕಂಚು ಮಳೆ ಬಿಸಿಲು ತಾಳುತ್ತದೆ, ಸೂಡಿಯ ಕಲ್ಲು ಸಾವಿರ ವರ್ಷ ತಾಳಿದೆ. ಬಣ್ಣದ ಚಿತ್ರಕ್ಕೆ ಅಷ್ಟು ಆಯುಷ್ಯವಿಲ್ಲ. ಧೂಳು, ತೇವ, ದೀಪದ ಹೊಗೆ, ಎಲ್ಲವೂ ಅದನ್ನು ಸವೆಸುತ್ತವೆ. ಒಂದು ಮನೆತನದ ಭಕ್ತಿಯೊಂದೇ ಅದನ್ನು ಎಷ್ಟು ಕಾಲ ಕಾಯಬಲ್ಲದು? ಸ್ಮಾರಕಗಳ ಪಟ್ಟಿ ಬರೆಯುವವರು ಗುಡಿ, ಕೋಟೆಗಳ ಸಾಲಿನಲ್ಲಿ ಇಂಥ ಮನೆಗೂ ಒಂದು ಜಾಗ ಕೊಡಬೇಕು. ಸೂಡಿಗೆ ಪ್ರವಾಸ ಬರುವ ಶಾಲೆಯ ಮಕ್ಕಳನ್ನು ಮೇಷ್ಟ್ರು ಜಕ್ಕಲಿಗೂ ಕರೆತರಬೇಕು. ರಾಜ್ಯದ ನಕ್ಷೆ ಬರೆಯುವುದನ್ನು ಆ ಮಕ್ಕಳು ತರಗತಿಯಲ್ಲಿ ಕಲಿತಿರುತ್ತಾರೆ. ಅದನ್ನು ಬರೆಯಲು ಒಂದು ತಲೆಮಾರು ಎಷ್ಟು ಪಾಡುಪಟ್ಟಿತೆಂಬುದು ಅವರಿಗೆ ತಿಳಿಯುವುದು ಇಲ್ಲಿ.