ನೆಲೆಯೂರುವ ಮುನ್ನ

ಮುಟ್ಟು ನಾಲ್ಕೈದು ದಿನ ತಡವಾಗಿ ಕೊನೆಗೆ ಬಂದೇಬಿಟ್ಟರೆ, ಮನೆಯವರ ಪ್ರಶ್ನೆಗಳೆಲ್ಲ ಸೊಸೆಗೇ. ಪರಂಗಿ ಹಣ್ಣು ತಿಂದಳೇ? ತುಂಬಿದ ಕೊಡ ಎತ್ತಿದಳೇ? ಅಮೆರಿಕದ ಆ್ಯಲನ್ ವಿಲ್‌ಕಾಕ್ಸ್ ಮತ್ತು ಸಂಗಡಿಗರು 221 ಮಹಿಳೆಯರ ಮೂತ್ರವನ್ನು ದಿನದಿನವೂ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದವರು ಹೀಗೆ ಕೇಳಲಾರರು. ಆ ಅಧ್ಯಯನದಲ್ಲಿ ಕಂಡ 198 ಗರ್ಭಗಳಲ್ಲಿ ಶೇ 22ರಷ್ಟು ಯಾರ ಅರಿವಿಗೂ ಬಾರದೆ ಮುಗಿದಿದ್ದವು. ಗರ್ಭ ನಿಲ್ಲುವುದೋ ಬಿಡುವುದೋ ಎಂಬುದು ಬಹುಪಾಲು ತೀರ್ಮಾನವಾಗುವುದು ಕಣ್ಣಿಗೆ ಕಾಣದ ರಾಸಾಯನಿಕ ವ್ಯವಹಾರದಲ್ಲಿ.

ಗರ್ಭಕೋಶ ಹೊಲ, ಭ್ರೂಣ ಬೀಜ ಎಂಬ ಹೋಲಿಕೆ ನಮ್ಮಲ್ಲಿ ಹಳೆಯದು. ಆದರೆ ಹೊಲ ಬೀಜವನ್ನು ಪರೀಕ್ಷಿಸುವುದಿಲ್ಲ. ಬೀಜವೂ ಮೊಳೆಯುವ ಮೊದಲೇ ಹೊಲವನ್ನು ಬದಲಿಸುವುದಿಲ್ಲ.

ಫಲಿತಗೊಂಡ ಐದನೇ ದಿನಕ್ಕೆ ಭ್ರೂಣ ನೂರಿನ್ನೂರು ಕೋಶಗಳ ಟೊಳ್ಳು ಗುಂಡು. ಗರ್ಭಕೋಶದ ಗೋಡೆಗೆ ಇನ್ನೂ ತಾಗಿರುವುದಿಲ್ಲ, ಆದರೂ ಸುಮ್ಮನಿರುವುದಿಲ್ಲ. ಅದು ಪ್ರೋಟೀಸ್ ಕಿಣ್ವಗಳನ್ನೂ ಎಚ್‌ಸಿಜಿ ಹಾರ್ಮೋನನ್ನೂ ಸ್ರವಿಸುತ್ತದೆ. ಇದೇ ಎಚ್‌ಸಿಜಿ ಮುಂದೆ ತಾಯಿಯ ರಕ್ತ ಸೇರಿ, ಅಂಡಾಶಯ ಪ್ರೊಜೆಸ್ಟರಾನ್ ಉತ್ಪಾದಿಸುವುದನ್ನು ನಿಲ್ಲಿಸದಂತೆ ನೋಡಿಕೊಳ್ಳುತ್ತದೆ. ಮುಟ್ಟು ನಿಲ್ಲುವುದು ಅದರಿಂದಲೇ. ಭ್ರೂಣ ಗೋಡೆಗೆ ತಾಗುವ ಮೊದಲಿನ ಈ ಹಂತದ ಸಂಶೋಧನೆಗೆ ಬೆಂಗಳೂರಿನ ನಂಟೂ ಉಂಟು: ಹ್ಯಾಮ್‌ಸ್ಟರ್ ಭ್ರೂಣ ತನ್ನ ಹೊರಕವಚವನ್ನು ಕಳಚಿಕೊಳ್ಳುವಾಗ ಕ್ಯಾಥೆಪ್ಸಿನ್ ಎಂಬ ಪ್ರೋಟೀಸ್‌ಗಳ ಪಾತ್ರವೇನೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಬಿ. ಶೇಷಗಿರಿ ಅವರ ತಂಡ ಶೋಧಿಸಿದೆ.

ಗರ್ಭಕೋಶದ ಒಳಪದರದ ಮೇಲೆ ಮ್ಯೂಸಿನ್ ಎಂಬ ದಟ್ಟ ಅಣುಗಳ ಹೊದಿಕೆ ಇದೆ. ಸ್ಪೇನಿನ ವಿಜ್ಞಾನಿಗಳು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಒಳಪದರದ ಕೋಶಗಳ ಮೇಲೆ ಮಾನವ ಭ್ರೂಣವನ್ನಿಟ್ಟು ನೋಡಿದರು. ಭ್ರೂಣ ಅಂಟಿದ ಜಾಗದಲ್ಲಿ ಮಾತ್ರ ಹೊದಿಕೆ ಮಾಯವಾಗಿತ್ತು. ಅದರಾಚೆಗೆ ಎಲ್ಲವೂ ಮೊದಲಿನಂತೆಯೇ ಇತ್ತು. ಎಂತಹ ನಿಖರತೆ!

ಇಲಿಯಲ್ಲಿ ಒಳಪದರ ಮಾರ್ಪಡಲು ತೊಡಗುವುದು ಭ್ರೂಣ ಬಂದ ಮೇಲೆ. ಮನುಷ್ಯರಲ್ಲಿ ಹಾಗಲ್ಲ, ಭ್ರೂಣ ಬರಲಿ ಬಾರದಿರಲಿ, ಪ್ರತಿ ತಿಂಗಳೂ ಅದು ಸಜ್ಜಾಗುತ್ತದೆ. ಹೀಗೆ ಸಜ್ಜಾದ ಕೋಶಗಳು ಬೆಳವಣಿಗೆ ನಿಂತ ಭ್ರೂಣದ ಎದುರು ತಮ್ಮ ಕೆಲವು ಮುಖ್ಯ ಸ್ರಾವಗಳನ್ನು ತಡೆಹಿಡಿಯುತ್ತವೆ ಎಂದು 2010ರಲ್ಲಿ ತಿಳಿಯಿತು. 2014ರಲ್ಲಿ ಇಂಗ್ಲೆಂಡಿನ ಯಾನ್ ಬ್ರೋಸೆನ್ಸ್, ನಿಕ್ ಮ್ಯಾಕ್ಲನ್ ಮೊದಲಾದವರು ಇನ್ನೂ ಮುಂದೆ ಹೋದರು. ಅವರು ಬಳಸಿದ್ದು ಭ್ರೂಣವನ್ನಲ್ಲ, ಐವಿಎಫ್ ಪ್ರಯೋಗಾಲಯದಲ್ಲಿ ಭ್ರೂಣ ಬೆಳೆದಿದ್ದ ದ್ರವವನ್ನು ಮಾತ್ರ. ಮುಂದೆ ಗರ್ಭವಾಗಿ ನಿಂತ ಭ್ರೂಣದ ದ್ರವ ತಾಗಿದಾಗ ಒಳಪದರದ ಕೋಶಗಳಲ್ಲಿ ಕ್ಯಾಲ್ಸಿಯಂ ಅಲ್ಪಕಾಲ ಏರಿಳಿಯಿತು. ಬೆಳವಣಿಗೆ ಕುಂಠಿತವಾದ ಭ್ರೂಣದ ದ್ರವಕ್ಕೆ ಅದು ಬಹಳ ಹೊತ್ತು ಏರಿಯೇ ಇತ್ತು, ಕೋಶಗಳು ಒತ್ತಡಕ್ಕೆ ಸಿಲುಕಿದವು.

ಕಾಲವೂ ಇಲ್ಲಿ ಮುಖ್ಯ. ವಿಲ್‌ಕಾಕ್ಸ್ ತಂಡದ 1999ರ ವರದಿಯಂತೆ, ಅಂಡ ಬಿಡುಗಡೆಯಾದ ಒಂಬತ್ತನೇ ದಿನದೊಳಗೆ ನೆಲೆಯೂರಿದ ಗರ್ಭಗಳಲ್ಲಿ ಶೇ 13ರಷ್ಟು ಬೇಗನೆ ನಷ್ಟವಾದವು. ಹನ್ನೊಂದನೇ ದಿನ ಕಳೆದ ಮೇಲೆ ನೆಲೆಯೂರಿದವುಗಳಲ್ಲಿ ಆ ಪ್ರಮಾಣ ಶೇ 82!

ಇಷ್ಟು ತಿಳಿದ ಮೇಲೆ ವೈದ್ಯರು ಭ್ರೂಣದ ಸಂಕೇತವನ್ನು ತಾವೇ ಕೊಟ್ಟು ನೋಡಿದ್ದು ಸಹಜ. ಐವಿಎಫ್‌ನಲ್ಲಿ ಭ್ರೂಣ ಇಡುವ ಮೊದಲು ಗರ್ಭಕೋಶದೊಳಗೆ ಎಚ್‌ಸಿಜಿ ಹಾಕುವ ಪ್ರಯೋಗಗಳು ಹಲವು ನಡೆದಿವೆ. ಎರಡು ಮೂರು ದಿನದ ಭ್ರೂಣವಾದರೆ, ಸಾಕಷ್ಟು ಪ್ರಮಾಣದಲ್ಲಿ ಹಾಕಿದಾಗ ಸ್ವಲ್ಪ ಪ್ರಯೋಜನ ಕಂಡಿದೆ. ಐದು ದಿನದ ಭ್ರೂಣಕ್ಕೆ ಕಂಡಿಲ್ಲ. ಚಿಕಿತ್ಸೆಗೆ ಸಾಲ ಮಾಡುವ ದಂಪತಿಗಳಿಗೆ ಈ ಎರಡನೆಯ ಮಾತನ್ನೂ ಮೊದಲೇ ಹೇಳಬೇಕು.