ಕೆಂಪು ದೀಪದ ಮಾತು

(ಶಾಲೆಯ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿ ವರ್ಷವೂ ಈ ವೇದಿಕೆಯಿಂದ ವಿದ್ಯೆ ವಿನಯಗಳನ್ನು ಕುರಿತು ನಾಲ್ಕು ಮಾತು ಹೇಳುವುದು ರೂಢಿ. ಈ ಸಲ ಹಳೆಯ ಮೋಟಾರು ಕಾರಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ಮೇಷ್ಟರಿಗೂ ಮೆಕ್ಯಾನಿಕನ ಕಸುಬಿಗೂ ಏನು ಸಂಬಂಧವೆಂದು ತಾವು ನಗಬಹುದು. ಆ ಸಂಬಂಧವನ್ನು ಕೊನೆಯಲ್ಲಿ ನಿವೇದಿಸುತ್ತೇನೆ. ಅದು ನನ್ನದೇ ತಪ್ಪಿನ ಕಥೆ.

1983ರಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಮಾರುತಿ 800 ಕಾರನ್ನು ನೀವೆಲ್ಲರೂ ಕಂಡಿದ್ದೀರಿ. ಅದರ ಎಂಜಿನ್ನಿಗೆ ಮೂರು ಸಿಲಿಂಡರುಗಳು. ಒಂದೊಂದು ಸಿಲಿಂಡರಿನಲ್ಲಿಯೂ ಎಂಜಿನ್ನಿನ ಎರಡು ಸುತ್ತಿಗೆ ಒಮ್ಮೆ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ನಿಮಿಷಕ್ಕೆ 3000 ಸುತ್ತಾದರೆ ಮೂರೂ ಸೇರಿ 4500 ಸಲ, ಅಂದರೆ ಸೆಕೆಂಡಿಗೆ 75 ಸಲ ಕಿಡಿ ಹಾರಬೇಕು. ಮೂವರಲ್ಲಿ ಒಬ್ಬ ಕೈಕೊಟ್ಟರೆ ಕಾರು ನಡುಗುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ. ಇದನ್ನೇ ಗ್ಯಾರೇಜಿನವರು ‘ಮಿಸ್ಸಿಂಗ್’ ಎನ್ನುವುದು.

ಉರಿಯುವುದಕ್ಕೆ ಮೂರು ಬೇಕು: ಸಕಾಲದ ಕಿಡಿ, ಹದವಾದ ಪೆಟ್ರೋಲು-ಗಾಳಿ, ಸೋರದೆ ನಿಲ್ಲುವ ಒತ್ತಡ. ತಪ್ಪು ಈ ಮೂರರಲ್ಲಿ ಎಲ್ಲಿಯೋ ಇರಲೇಬೇಕು. ಮೊದಲು ಯಾವ ಸಿಲಿಂಡರು ಸುಮ್ಮನಿದೆಯೆಂದು ತಿಳಿಯಬೇಕು. ಹಳೆಯ ಕಾರಿನಲ್ಲಿ ಅನುಭವಸ್ಥನಾದ ಮೆಕ್ಯಾನಿಕನು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಬಿಡಿಸಿ ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾನೆ. ವೈರು ಬಿಡಿಸಿದೊಡನೆ ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರು ದುಡಿಯುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಸೋಮಾರಿ ಅದೇ. ಮಕ್ಕಳೇ, ನೀವು ಮಾತ್ರ ಅದನ್ನು ಮುಟ್ಟಬಾರದು; ಆ ವೈರಿನಲ್ಲಿ ಸಾವಿರಾರು ವೋಲ್ಟು ವಿದ್ಯುತ್ತು ಹರಿಯುತ್ತದೆ. ಬಳಿಕ ಅವನು ಎಂಜಿನ್ ನಿಲ್ಲಿಸಿ, ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕುತ್ತಾನೆ. ದೋಷವೂ ಜೊತೆಯಲ್ಲಿ ಹೋದರೆ ಪ್ಲಗ್ಗು ಕೆಟ್ಟಿದೆ. ಅಲ್ಲಿಯೇ ಉಳಿದರೆ ಕಾರಣ ಬೇರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ನಮ್ಮ ವಿಜ್ಞಾನದ ತರಗತಿಯ ನಿಯಮವೂ ಹೌದು.

ಬಿಚ್ಚಿದ ಪ್ಲಗ್ಗು ತಾನೇ ಸಾಕ್ಷಿ ಹೇಳುತ್ತದೆ. ತಿಳಿ ಕಂದು ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲು ಅತಿಯಾಗಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ಆಯಿಲ್ ಸಿಲಿಂಡರಿನೊಳಕ್ಕೆ ನುಗ್ಗುತ್ತಿದೆ. ಹೆಚ್ಚಾಗಿ ಪಿಸ್ಟನ್ನಿನ ರಿಂಗು ಸವೆದಿರುತ್ತದೆ.

ಇನ್ನು ದೀಪಗಳ ಮಾತು. ಚಾವಿ ತಿರುಗಿಸಿದಾಗ ದೀಪಗಳು ಹೊತ್ತಿ, ಎಂಜಿನ್ ಎದ್ದ ಮೇಲೆ ಆರಬೇಕು. ಎಣ್ಣೆಯ ಪಾತ್ರೆಯ ಗುರುತಿನ ಕೆಂಪು ದೀಪ ಓಡುವಾಗ ಹೊತ್ತಿದರೆ ಒಡನೆಯೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು; ಆಯಿಲಿನ ಒತ್ತಡವಿಲ್ಲದೆ ಲೋಹಕ್ಕೆ ಲೋಹ ಉಜ್ಜುತ್ತದೆ. ಬ್ಯಾಟರಿಯ ದೀಪ ಹೊತ್ತಿದರೆ ಚಾರ್ಜು ಆಗುತ್ತಿಲ್ಲ, ಬೆಲ್ಟು ತುಂಡಾಗಿರಲೂಬಹುದು. ಅನೇಕ ಹಳೆಯ ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಎಂಜಿನ್ ಕಾದಿದ್ದಾಗ ರೇಡಿಯೇಟರಿನ ಮುಚ್ಚಳ ತೆರೆಯುವುದು ಕೈಮುಖಗಳನ್ನು ಬೇಯಿಸಿಕೊಂಡಂತೆ. ಅನಂತರ ಬಂದ ಕಂಪ್ಯೂಟರಿನ ಕಾರುಗಳಲ್ಲಿ ಎಂಜಿನ್ ಆಕಾರದ ಹಳದಿ ದೀಪವಿದೆ. ಅದು ಸ್ಥಿರವಾಗಿ ಉರಿದರೆ ಬೇಗನೆ ತೋರಿಸಬೇಕು. ಮಿಣುಕಿದರೆ ಮಿಸ್ಸಿಂಗ್ ತೀವ್ರವಾಗಿದೆ, ಉರಿಯದ ಪೆಟ್ರೋಲು ಹೊಗೆ ಶುದ್ಧಿಮಾಡುವ ಕನ್ವರ್ಟರನ್ನು ಕಾಯಿಸಿ ಕೆಡಿಸುತ್ತದೆ. ವೇಗ ತಗ್ಗಿಸಿ ನಿಲ್ಲಿಸುವುದೇ ಲೇಸು.

ಈಗ ನನ್ನ ಕಥೆ. 2008ರಲ್ಲಿ, ನಾನಿನ್ನೂ ಸಹಶಿಕ್ಷಕನಾಗಿದ್ದಾಗ, ಗೆಳೆಯರೊಬ್ಬರ ಹಳೆಯ ಕಾರಿನಲ್ಲಿ ಮೂವರು ವಿದ್ಯಾರ್ಥಿನಿಯರನ್ನು ಪ್ರಬಂಧ ಸ್ಪರ್ಧೆಗೆಂದು ಸತ್ಯಮಂಗಲಕ್ಕೆ ಕರೆದೊಯ್ದಿದ್ದೆ. ಕಾರು ಕೆಲವು ದಿನಗಳಿಂದ ಮಿಸ್ಸಿಂಗ್ ಹೊಡೆಯುತ್ತಿತ್ತು. ಎರಡು ಸಲ ಪ್ಲಗ್ಗು ಬದಲಿಸಿದ್ದೆ. ಎರಡು ಸಲವೂ ಹಳೆಯದು ಎಣ್ಣೆಯಲ್ಲಿ ತೊಯ್ದಿತ್ತು. ಅದೇಕೆ ತೊಯ್ದಿದೆಯೆಂದು ಕೇಳಿಕೊಳ್ಳಲಿಲ್ಲ. ಸಂಜೆ ಬಣ್ಣಾರಿಯಿಂದ ದಿಂಬಂ ಘಾಟಿಯನ್ನು ಏರತೊಡಗಿದೆವು. ಆ ದಾರಿಯಲ್ಲಿ 27 ಕಡಿದಾದ ತಿರುವುಗಳೆಂಬುದು ನಿಮಗೆ ಗೊತ್ತು. ಹಿಂದೆ ಕುಳಿತಿದ್ದ ಹುಡುಗಿ ಹೇಳಿದಳು: “ಸಾರ್, ತಿರುವು ಬಂದಾಗಲೆಲ್ಲ ಕೆಂಪು ದೀಪ ಹತ್ತುತ್ತಿದೆ.” ನಾನು, “ಸುಮ್ಮನೆ ಕೂತುಕೋಮ್ಮ, ಹಳೇ ಕಾರು, ಅದು ಹಾಗೇ” ಎಂದೆ. ಅವಳು ಮತ್ತೆ ಮಾತಾಡಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಕಟಕಟನೆ ಸದ್ದುಮಾಡಿ ಬಿಗಿದು ನಿಂತಿತು.

ಆನೆ ಹುಲಿಗಳು ತಿರುಗಾಡುವ ಕಾಡು, ಕವಿಯುತ್ತಿದ್ದ ಕತ್ತಲೆ, ನನ್ನನ್ನು ನಂಬಿ ಕಳುಹಿಸಿದ್ದ ಮೂರು ಮನೆಗಳ ಮಕ್ಕಳು. ಒಂದು ಬಸ್ಸು ಬಂದು ನಮ್ಮನ್ನು ಹತ್ತಿಸಿಕೊಳ್ಳುವವರೆಗೆ ನಾನು ಪಟ್ಟ ಪಾಡನ್ನು ವರ್ಣಿಸಲಾರೆ. ಮರುದಿನ ಮೆಕ್ಯಾನಿಕನು ಆಯಿಲಿನ ಕಡ್ಡಿಯನ್ನು ಎತ್ತಿ ತೋರಿಸಿದ. ಅದರ ತುದಿ ಒಣಗಿತ್ತು. ಸವೆದ ರಿಂಗಿನ ಮೂಲಕ ಮೇಲೇರಿದ ಎಣ್ಣೆಯೇ ಪ್ಲಗ್ಗನ್ನು ತೋಯಿಸಿ ಮಿಸ್ಸಿಂಗ್ ತಂದಿತ್ತು; ಹಾಗೆ ಉರಿದು ಕಡಿಮೆಯಾದುದರಿಂದಲೇ ತಿರುವಿನಲ್ಲಿ ಎಣ್ಣೆ ಒಂದು ಕಡೆಗೆ ಸರಿದಾಗ ದೀಪ ಮಿಣುಕಿತ್ತು. ರೋಗ ಒಂದೇ, ಲಕ್ಷಣ ಎರಡು. ಎರಡನ್ನೂ ಕಂಡಿದ್ದೆ, ಜೋಡಿಸಿ ನೋಡಿರಲಿಲ್ಲ. ಜೋಡಿಸಿಕೊಟ್ಟಿರಬಹುದಾದ ಹುಡುಗಿಯ ಬಾಯಿಯನ್ನು ನಾನೇ ಮುಚ್ಚಿಸಿದ್ದೆ.

ಮುಂದಿನ ಸೋಮವಾರ ತರಗತಿಯಲ್ಲಿ, ಎಲ್ಲರ ಎದುರಿನಲ್ಲಿ, ಆ ಹುಡುಗಿಯ ಕ್ಷಮೆ ಕೇಳಿದೆ. ಅಂದಿನಿಂದ ನನ್ನ ತರಗತಿಯಲ್ಲಿ ಒಂದು ಮಗು ಕೈಯೆತ್ತಿದರೆ ಪಾಠ ನಿಲ್ಲಿಸಿ ಕೇಳುತ್ತೇನೆ.

ಪೋಷಕರಲ್ಲಿ ನನ್ನ ಬಿನ್ನಹ ಇಷ್ಟೆ: ಮಗುವಿನ ಅಂಕ ಕುಸಿದಾಗ ಪ್ಲಗ್ಗು ಬದಲಿಸಿದಂತೆ ಬೇರೊಂದು ಪಾಠಕ್ಕೆ ಸೇರಿಸಿ ಸುಮ್ಮನಾಗಬೇಡಿರಿ, ಕಾರಣವನ್ನು ವಿಚಾರಿಸಿರಿ. ಮಕ್ಕಳೇ, ನಿಮಗೆ ಕಂಡ ಕೆಂಪು ದೀಪವನ್ನು ದೊಡ್ಡವರು ಒಮ್ಮೆ ಅಲ್ಲಗಳೆದರೆ ಎರಡನೆಯ ಸಲವೂ ಹೇಳಿರಿ.