ಸುಟ್ಟ ಬದನೆಕಾಯಿ ಗೊಜ್ಜು

ಈ ಹೊತ್ತು ನಾನು ಬದನೆಕಾಯಿ ಸುಡುವ ವಿಚಾರ ಹೇಳಲು ಬಂದಿದ್ದೇನೆ. "ಇದೇನಪ್ಪಾ, ಗೊಬ್ಬರದ ಲೆಕ್ಕ ಹೇಳೋ ಮನುಷ್ಯ ಅಡುಗೆಮನೆಗೇ ಬಂದುಬಿಟ್ಟ" ಎಂದು ನೀವು ನಗಬಹುದು. ನಗಿ, ತಪ್ಪಿಲ್ಲ. ನನ್ನ ಜೊತೆ ಕೆಲಸ ಮಾಡುವವರೂ ನಕ್ಕರು. ತರಕಾರಿ ತೋಟಗಾರಿಕೆಯವರ ಪಾಲು, ಅಡುಗೆ ಗೃಹವಿಜ್ಞಾನದವರ ಪಾಲು, ನಿನಗೇಕಯ್ಯಾ ಅದರ ಉಸಾಬರಿ ಎಂದರು. ಡಿಪ್ಲೊಮಾ ಓದುವಾಗ ಬದನೆಗೆ ಬೀಳುವ ಹುಳುವಿನ ಹೆಸರನ್ನು ನಾನು ಬಾಯಿಪಾಠ ಮಾಡಿದ್ದೆ. ಬದನೆಕಾಯಿ ಸುಡಲು ಕಲಿಸಿದವಳು ನಮ್ಮಜ್ಜಿ. ಇವೆರಡೂ ಒಂದೇ ಪಾಠವೆಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ, ಒಂದು ಹಳ್ಳಿಯಲ್ಲಿ.

ಅಲ್ಲಿ ಒಬ್ಬರು ಅರ್ಧ ಎಕರೆ ಬದನೆ ಹಾಕಿದ್ದರು. ನಾನು ಹೋದಾಗ ಮಧ್ಯಾಹ್ನವಾಗಿತ್ತು. ಮನೆಯ ಅಜ್ಜಿ ಊಟ ಮಾಡಿಕೊಂಡೇ ಹೋಗಬೇಕೆಂದು ಹಿಡಿದು ಕೂರಿಸಿದರು. ಬರಿಗೈಯಲ್ಲಿ ಯಾಕೆ ಬರಲಿ ಎಂದು ನಾನು ಹೊಲದಿಂದ ಎರಡು ಮಿರಮಿರ ಮಿಂಚುವ ಕಾಯಿ ಕಿತ್ತುಕೊಂಡು ಬಂದಿದ್ದೆ. ಅಜ್ಜಿ ಅವನ್ನು ನೋಡಿ, "ಅವನ್ನ ಅಲ್ಲೇ ಇಡು ಮಗ. ಅವು ಪ್ಯಾಟೆಗೆ ಕಣಪ್ಪ. ನಮಗೆ ಬಚ್ಚಲ ಹಿಂದೆ ನಾಕು ಗಿಡ ಅವೆ" ಎಂದರು. ಮಗನಿಗೆ ಮುಜುಗರವಾಯಿತು. "ಮೊನ್ನೆ ತಾನೆ ಔಷಧಿ ಹೊಡೆದಿದ್ದೀನಿ ಸಾರ್, ನಾಳೆ ಕೀಳಬೇಕು, ಗಾಡಿಗೆ ಹೇಳಿಬಿಟ್ಟಿದ್ದೀನಿ" ಎಂದ. ಪಕ್ಕದ ಮನೆಯವರು ಸಮಾಧಾನ ಹೇಳಿದರು: "ಸಿಪ್ಪೆ ಸುಲಿದು, ಸುಟ್ಟು ತಿಂದರೆ ಎಲ್ಲಾ ಹೋಗ್ತದೆ ಬಿಡಿ ಸಾರ್."

ನಾನು ಏನೂ ಮಾತಾಡಲಿಲ್ಲ. ಏಕೆಂದರೆ ಆ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟವನು ನಾನೇ. ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಎಂಬುದನ್ನು ಬರೆಯದೆ ಬಿಟ್ಟವನೂ ನಾನೇ. ಬಚ್ಚಲ ಹಿಂದಿನ ಗಿಡದ ಕಾಯಿ ಸುಟ್ಟು ಅಜ್ಜಿ ಮಾಡಿದ ಗೊಜ್ಜಿನಲ್ಲಿ ಎರಡು ಮುದ್ದೆ ಉಂಡೆ. ಪ್ಯಾಟೆಯಲ್ಲಿ ಆ ಇನ್ನೊಂದು ಕಾಯಿ ಯಾರ ಮನೆಯ ಒಲೆಗೆ ಹೋಗುತ್ತದೋ ಎಂಬ ಯೋಚನೆ ಮಾತ್ರ ದಾರಿಯುದ್ದಕ್ಕೂ ಬಿಡಲಿಲ್ಲ.

ಸುಟ್ಟರೆ ಎಲ್ಲಾ ಹೋಗುತ್ತದೆ ಎನ್ನುವುದು ಸರಿಯಲ್ಲ. ಕಾಯಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲಿನ ಧೂಳೂ, ಮೇಲೆ ಅಂಟಿದ ವಿಷದಲ್ಲಿ ಒಂದಿಷ್ಟೂ ಹೋದೀತು. ಸಿಪ್ಪೆ ಸುಲಿದರೆ ಇನ್ನೊಂದಿಷ್ಟು ಹೋದೀತು. ಆದರೆ ಕೆಲವು ಔಷಧಿಗಳು ಗಿಡದ ರಸದೊಳಕ್ಕೇ ಇಳಿದು ಎಲೆ, ಕುಡಿ, ಕಾಯಿಗೆ ಹರಡುತ್ತವೆ. ಅವನ್ನು ತೊಳೆದು ತೆಗೆಯಲಾಗದು, ಒಲೆಯ ಕಾವನ್ನೂ ನೆಚ್ಚಿಕೊಳ್ಳಲಾಗದು. ಕಾಯುವುದೊಂದೇ ದಾರಿ. ಕೊನೆಯ ಸಿಂಪಡಣೆಗೂ ಕುಯ್ಲಿಗೂ ನಡುವೆ ಇಷ್ಟು ದಿನ ಬಿಡಬೇಕೆಂದು ಡಬ್ಬಿಯ ಚೀಟಿಯಲ್ಲಿ ಅಚ್ಚು ಮಾಡಿರುತ್ತಾರೆ. ಔಷಧಿಯಿಂದ ಔಷಧಿಗೆ ಆ ದಿನಗಳು ಬೇರೆ ಬೇರೆ. ಅಕ್ಷರ ಸಣ್ಣದು, ಓದುವುದು ಕಷ್ಟ, ಒಪ್ಪುತ್ತೇನೆ. ಶಾಲೆಗೆ ಹೋಗುವ ಮಗುವಿನ ಕೈಲಿ ಚೀಟಿ ಓದಿಸಿ. ಡಬ್ಬಿ ಮುಟ್ಟಿಸಬೇಡಿ, ದೂರದಿಂದ ಓದಲಿ. ಇಲ್ಲವೇ ಅಂಗಡಿಯವನನ್ನೇ ಕೇಳಿ, ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಚೀಟಿಯ ಮೇಲೆ ಒಂದು ಬಣ್ಣದ ಗುರುತೂ ಇರುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ಕಡಿಮೆ ವಿಷ ಅಷ್ಟೇ, ವಿಷವೇ ಇಲ್ಲವೆಂದಲ್ಲ. ನಾವೆಲ್ಲ ಬಾಯಿತುಂಬ ಔಷಧಿ ಎನ್ನುತ್ತೇವಲ್ಲ, ಕೆಂಪು ಹಳದಿ ಡಬ್ಬಿಯ ಮೇಲೆ ಮಾತ್ರ ವಿಷ ಎಂದೇ ಬರೆದಿರುತ್ತದೆ.

ಇನ್ನು ಇಷ್ಟೊಂದು ಹೊಡೆಯುವುದು ಏತಕ್ಕೆ? ಒಂದು ಹುಳುವಿಗಾಗಿ. ಕಾಯಿ ಮತ್ತು ಕುಡಿ ಕೊರೆಯುವ ಹುಳು. ಬಿಳಿ ರೆಕ್ಕೆಯ ಮೇಲೆ ಕಂದು ಮಚ್ಚೆಯ ಸಣ್ಣ ಚಿಟ್ಟೆ ರಾತ್ರಿ ಬಂದು ಮೊಟ್ಟೆ ಇಡುತ್ತದೆ. ಮರಿಹುಳು ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಕುಡಿಯನ್ನೋ ಕಾಯನ್ನೋ ಕೊರೆದು ಒಳಸೇರಿ ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದು ಒಳಗೆ ಕೂತ ಮೇಲೆ ನೀವು ಹೊರಗೆ ಎಷ್ಟು ಹೊಡೆದರೇನು? ಬಾಗಿಲು ಹಾಕಿದ ಮನೆಯ ಗೋಡೆಗೆ ನೀರೆರಚಿದ ಹಾಗೆ. ಅದಕ್ಕೇ ಮೂರು ದಿನಕ್ಕೊಮ್ಮೆ ಹೊಡೆದರೂ ಹುಳು ಹೋಗಲಿಲ್ಲ ಎಂದು ದೂರುತ್ತೀರಿ.

ಮನೆಯ ನಾಲ್ಕಾರು ಗಿಡಗಳಲ್ಲಿ ಈ ಹುಳುವನ್ನು ಕೈಯಿಂದಲೇ ಗೆಲ್ಲಬಹುದು. ಬೆಳಿಗ್ಗೆ ನೋಡಿ, ತುದಿಯ ಕುಡಿ ಬಾಡಿ ಜೋತುಬಿದ್ದಿದ್ದರೆ ಒಳಗೆ ಹುಳು ಇದೆಯೆಂದೇ ಅರ್ಥ. ಬಾಡಿದ ಭಾಗಕ್ಕಿಂತ ಒಂದು ಬೆರಳು ಕೆಳಗೆ ಚಿವುಟಿ ಒಲೆಗೆ ಹಾಕಿ. ತಿಪ್ಪೆಗೆ ಎಸೆಯಬೇಡಿ. ತೂತುಬಿದ್ದ ಕಾಯನ್ನೂ ಗಿಡದಲ್ಲಿ ಬಿಡಬೇಡಿ. ವಾರಕ್ಕೊಮ್ಮೆ ತಪ್ಪದೆ ಇಷ್ಟು ಮಾಡಿ. ಬೇಕೆನಿಸಿದರೆ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಸಂಜೆ ಹೊತ್ತು ಎರಚಿ. ಹೊಲದವರು ಇದರ ಜೊತೆಗೆ ಗಂಡು ಚಿಟ್ಟೆಯನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಬಹುದು. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ತಾಯಂದಿರು ಗಮನವಿಟ್ಟು ಕೇಳಬೇಕಾದ ಮಾತೊಂದಿದೆ. ಬೆಳೆ ಮುಗಿದ ಮೇಲೆ ಬದನೆ ಗಿಡವನ್ನು ಕಿತ್ತು, ಒಣಗಿಸಿ, ಸೌದೆಗೆ ಆಗುತ್ತದೆಂದು ಹಿತ್ತಲಲ್ಲಿ ಒಟ್ಟುತ್ತೀರಲ್ಲ, ಆ ರಾಶಿಯೊಳಗೆ ಹುಳುವಿನ ಗೂಡುಗಳು ಇರುತ್ತವೆ. ಹೊಸ ಸಸಿ ನೆಡುವ ಹೊತ್ತಿಗೆ ಅದರಿಂದ ಚಿಟ್ಟೆ ಎದ್ದು ಬರುತ್ತದೆ. ಆ ಕಡ್ಡಿಗಳನ್ನು ಮೊದಲು ಉರಿಸಿಬಿಡಿ, ಬೇರೆ ಸೌದೆಯನ್ನು ಆಮೇಲಕ್ಕೆ ಇಟ್ಟುಕೊಳ್ಳಿ.

ಈಗ ಒಲೆಯ ಹತ್ತಿರ ಬರೋಣ. ಐದು ಜನಕ್ಕೆ ಅರ್ಧ ಕಿಲೋ ಬದನೆ ಸಾಕು. ದಪ್ಪ ಗುಂಡುಕಾಯಿ ಸುಡಲಿಕ್ಕೆ ಒಳ್ಳೆಯದು, ತಿರುಳು ಹೆಚ್ಚು ಸಿಗುತ್ತದೆ. ಉಡುಪಿ ಕಡೆಯವರಿಗಾದರೆ ಮಟ್ಟುಗುಳ್ಳವೇ ಇದೆ. ಸಿಪ್ಪೆಗೆ ಹೊಳಪಿರಬೇಕು. ಹೊಳಪು ಹೋಗಿ ಮಂಕಾಗಿದ್ದರೆ ಬಲಿತಿದೆ, ಬೀಜ ಗಟ್ಟಿಯಾಗಿ ಕಹಿ ಬರುತ್ತದೆ. ತೊಳೆದು, ಒರೆಸಿ, ತೊಟ್ಟು ಬಿಡದಂತೆ ಎಣ್ಣೆಗಾಯಿಗೆ ಸೀಳುವ ಹಾಗೆ ನಾಲ್ಕು ಸೀಳಿ ಒಳಗೆ ನೋಡಿ. ಇಡಿಯಾಗಿ ಸುಟ್ಟರೆ ಹುಳುವನ್ನೂ ಜೊತೆಗೇ ಸುಟ್ಟು ಉಣ್ಣಬೇಕಾದೀತು! ಸೀಳುವುದರಿಂದ ಇನ್ನೊಂದು ಉಪಯೋಗ, ಒಳಗಿನ ಆವಿಗೆ ದಾರಿಯಾಗುತ್ತದೆ. ಸೀಳದೆ, ಚುಚ್ಚದೆ ಕೆಂಡಕ್ಕಿಟ್ಟ ಕಾಯಿ ಸಿಡಿದು ಮುಖಕ್ಕೆ ಹಾರುವುದುಂಟು.

ಉರಿಯಲ್ಲಿ ಇಡಬೇಡಿ, ಕೆಂಡದಲ್ಲಿ ಇಡಿ. ಉರಿಯಲ್ಲಿ ಹೊರಗೆ ಕರಕಲು, ಒಳಗೆ ಹಸಿ. ಹುಣಸೆ, ಜಾಲಿ ಸೌದೆಯ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕಣಗಿಲೆ ಕಡ್ಡಿಯನ್ನು ಮಾತ್ರ ಒಲೆಗೆ ಸೋಕಿಸಬೇಡಿ, ಅದರ ಹೊಗೆಯೂ ವಿಷ. ಈಚೆಗೆ ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಕವರು ತುರುಕುವ ಚಾಳಿ ಎಲ್ಲಾ ಊರಿನಲ್ಲೂ ಬಂದಿದೆ. ಆ ಹೊಗೆ ಸುಟ್ಟ ಕಾಯಿಗೂ ಹತ್ತುತ್ತದೆ, ಒಲೆಯ ಮುಂದೆ ಕೂತವರ ಎದೆಗೂ ಹೋಗುತ್ತದೆ. ತೆಂಗಿನ ಗರಿ ಇಲ್ಲವೆ, ಸೋಗೆ ಇಲ್ಲವೆ ನಮ್ಮಲ್ಲಿ? ಗ್ಯಾಸ್ ಒಲೆಯವರು ಸಣ್ಣ ಉರಿಯ ಮೇಲೆ ಜಾಲರಿ ಇಟ್ಟು ತಿರುಗಿಸುತ್ತಾ ಸುಡಬಹುದು. ಕಿಟಕಿ ತೆರೆದಿರಲಿ. ಸಿಪ್ಪೆಗೆ ಒಂದು ತೊಟ್ಟು ಎಣ್ಣೆ ಸವರಿದರೆ ಆಮೇಲೆ ಸಲೀಸಾಗಿ ಬಿಡುತ್ತದೆ. ತಿರುಗಿಸಿ ತಿರುಗಿಸಿ 15ರಿಂದ 20 ನಿಮಿಷ ಸುಡಿ. ತೊಟ್ಟಿನ ಬುಡಕ್ಕೆ ಕಡ್ಡಿ ಚುಚ್ಚಿದರೆ ಬೆಣ್ಣೆಯಂತೆ ಇಳಿಯಬೇಕು. ಜೊತೆಗೇ 4 ಹಸಿಮೆಣಸಿನಕಾಯಿಯನ್ನೂ ಸುಟ್ಟುಕೊಳ್ಳಿ.

ಸುಟ್ಟದ್ದನ್ನು ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ತಾನೇ ಸಡಿಲವಾಗುತ್ತದೆ. ಕರಿ ಚೂರು ಉಳಿಯದಂತೆ ಸುಲಿಯಿರಿ. ನೀರಿನಲ್ಲಿ ಅದ್ದಿ ತೊಳೆದರೆ ರುಚಿ, ಘಮ ಎರಡೂ ನೀರುಪಾಲು. ಕೈ ಒದ್ದೆ ಮಾಡಿಕೊಂಡು ಸುಲಿದರೆ ಸಾಕು. ತಿರುಳನ್ನು ಕೈಯಲ್ಲಿ ಕಿವುಚಿ. ಮಿಕ್ಸಿಗೆ ಹಾಕಬೇಡಿ ಎಂದು ನಾನು ಹೇಳುತ್ತೇನೆ, ಅದು ಅಂಟಾಗಿಬಿಡುತ್ತದೆ. ನಮ್ಮಜ್ಜಿ ಕಲ್ಲಿನ ಮರಿಗೆಯಲ್ಲಿ ಕಿವುಚುತ್ತಿದ್ದಳು. ನಿಮ್ಮಲ್ಲಿ ಸ್ಟೀಲಿನದೋ ಮಣ್ಣಿನದೋ ಇದ್ದರೆ ಅದೇ ಸರಿ. ಹುಳಿ ಹಾಕುವುದರಿಂದ ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆ ಬೇಡ.

ಇದಕ್ಕೆ ಸುಟ್ಟ ಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಸಣ್ಣ ಚಮಚ ಉಪ್ಪು ಸೇರಿಸಿ ಅರೆದದ್ದನ್ನು ಹಾಕಿ. ಎರಡು ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ. ಹುಳಿಗೆ ಅರ್ಧ ಹೋಳು ನಿಂಬೆಹಣ್ಣು, ಇಲ್ಲವೇ ನೆಲ್ಲಿಕಾಯಿ ಗಾತ್ರದ ಹುಣಸೆ. ನನ್ನ ಮತ ನಿಂಬೆಗೆ. ರಾಗಿಯಲ್ಲಿ, ಎಳ್ಳಿನಲ್ಲಿ ಇರುವ ಕಬ್ಬಿಣದ ಅಂಶವನ್ನು ಮೈ ಹಿಡಿದುಕೊಳ್ಳಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಆ ಸತ್ವ ಕಾವಿಗೆ ಹಾಳಾಗುವುದರಿಂದ, ತಿರುಳು ಆರಿದ ಮೇಲೆ ಹಿಂಡಿ. ಕೊನೆಗೆ ಎರಡು ದೊಡ್ಡ ಚಮಚ ಎಳ್ಳನ್ನೋ ಹುಚ್ಚೆಳ್ಳನ್ನೋ ಹುರಿದು ಪುಡಿಮಾಡಿ ಕಲಸಿ. ಹುಚ್ಚೆಳ್ಳನ್ನು ಉತ್ತರದ ಕಡೆಯವರು ಗುರೆಳ್ಳು ಎನ್ನುತ್ತಾರೆ, ಅವರು ರೊಟ್ಟಿಗೆ ಅದರ ಪುಡಿಯನ್ನು ಎಂದೂ ತಪ್ಪಿಸುವುದಿಲ್ಲ. ಕಡಲೆಕಾಯಿ ಬೀಜವೂ ಆದೀತು. ಆದರೆ ಬೂಷ್ಟು ಹಿಡಿದ ಬೀಜ ಬೇಡ, ಆ ಬೂಷ್ಟಿನ ವಿಷವೂ ಹುರಿದರೆ ಹೋಗುವಂಥದ್ದಲ್ಲ.

ದೂರದ ಲೆಬನಾನ್, ಸಿರಿಯಾ ದೇಶಗಳಲ್ಲೂ ಇದರ ಅಣ್ಣತಮ್ಮನಂಥ ಅಡುಗೆ ಉಂಟು. ಬಾಬಾ ಗನೂಶ್ ಎನ್ನುತ್ತಾರೆ. ಸುಟ್ಟ ಬದನೆಯ ತಿರುಳಿಗೆ ನುಣ್ಣಗೆ ಅರೆದ ಎಳ್ಳು, ನಿಂಬೆರಸ, ಬೆಳ್ಳುಳ್ಳಿ ಸೇರಿಸಿ ರೊಟ್ಟಿ ಮುರಿದು ಅದ್ದಿಕೊಂಡು ತಿನ್ನುತ್ತಾರೆ. ಅವರಿಗೆ ರೊಟ್ಟಿ, ನಮಗೆ ಮುದ್ದೆ. ಮಿಕ್ಕದ್ದೆಲ್ಲ ನಮ್ಮ ಹಿತ್ತಲಿನದೇ.

ಇದರಿಂದ ಮೈಗೆ ಏನು ಲಾಭ? ಬದನೆಯಲ್ಲಿ ಭಾರಿ ಪೌಷ್ಟಿಕ ಇದೆಯೆಂದು ನಾನು ಹೇಳಲಾರೆ. 100 ಗ್ರಾಂ ಕಾಯಿಯಲ್ಲಿ 90 ಗ್ರಾಮಿಗೂ ಹೆಚ್ಚು ನೀರೇ. ಸ್ವಲ್ಪ ನಾರು ಇದೆ, ಜಿಡ್ಡು ಇಲ್ಲವೆನ್ನುವಷ್ಟು ಕಡಿಮೆ. ಲಾಭವಿರುವುದು ಸುಡುವುದರಲ್ಲಿ. ಹೋಳು ಮಾಡಿ ಬಾಣಲೆಗೆ ಹಾಕಿದ ಬದನೆ ಒಣಬಟ್ಟೆಯ ಹಾಗೆ ಎಣ್ಣೆ ಹೀರುತ್ತದೆ. ಸುಟ್ಟರೆ ಎಣ್ಣೆಯೇ ಬೇಡ. ಬೇಕೆಂದರೆ ಒಂದು ಚಮಚದಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ತಿಂಗಳ ಎಣ್ಣೆಯ ಖರ್ಚು ನಿಮಗೇ ಗೊತ್ತು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಈಗ ಪಟ್ಟಣದವರ ಸ್ವತ್ತಾಗಿ ಉಳಿದಿಲ್ಲ, ಹಳ್ಳಿಯ ಜಗುಲಿಗೂ ಬಂದು ಕೂತಿವೆ. ಉಪ್ಪು ಅರ್ಧ ಚಮಚ ಎಂದದ್ದು ಅದಕ್ಕೇ. ದೊಡ್ಡವರಿಗೆ ಇಡೀ ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟು ಉಪ್ಪು ಮೀರಬಾರದು. ಗೊಜ್ಜಿನ ಪಕ್ಕದಲ್ಲಿ ಉಪ್ಪಿನಕಾಯಿ ಬಡಿಸಿಕೊಂಡರೆ ಲೆಕ್ಕ ತಪ್ಪಿತು.

ಹಲ್ಲಿಲ್ಲದ ಹಿರಿಯರಿಗೆ ಇದು ಸುಲಭದ ಊಟ. ಮಕ್ಕಳಿಗೆ ಮೆಣಸಿನಕಾಯಿ ಬಿಟ್ಟು, ಹುಳಿಯ ಬದಲು ಮೊಸರು ಕಲಸಿ ಬಜ್ಜಿ ಮಾಡಿಕೊಡಿ, ತಟ್ಟೆ ನೆಕ್ಕುತ್ತಾರೆ. ಬದನೆ ತಿಂದರೆ ಬಾಯಿ ತುರಿಸುವವರು, ಮೈಮೇಲೆ ದದ್ದು ಏಳುವವರು ಕೆಲವರಿರುತ್ತಾರೆ. ಅಂಥವರನ್ನು ಬಲವಂತ ಮಾಡಬೇಡಿ. ಮೊಸರೋ ತೆಂಗಿನಕಾಯಿಯೋ ಬೆರೆಸಿದ ಗೊಜ್ಜನ್ನು ಅಂದಂದೇ ಮುಗಿಸಿ. ಬೆಳಗಿನದನ್ನು ಬುತ್ತಿಗೆ ಕಟ್ಟಿ ಬಿಸಿಲಿನ ಹೊಲದಲ್ಲಿ ಮಧ್ಯಾಹ್ನದ ತನಕ ಇಡುವುದು ಬೇಡ. ಬುತ್ತಿಗಾದರೆ ಹುಣಸೆಯದೇ ವಾಸಿ.

ಆ ಅರ್ಧ ಎಕರೆಯವರ ಹೊಲಕ್ಕೆ ಮುಂದಿನ ಬೆಳೆಯಲ್ಲಿ ಮತ್ತೆ ಹೋಗಿದ್ದೆ. ಈ ಸಲ ಚೀಟಿಯಲ್ಲಿ ದಿನಗಳನ್ನೂ ಬರೆದುಕೊಟ್ಟೆ. "ಅಷ್ಟು ದಿನ ಬಿಟ್ಟರೆ ಕಾಯಿ ಬಲಿತು ಹೋಗ್ತದಲ್ಲ ಸಾರ್" ಎಂದು ವಾದ ಮಾಡಿದರು. ವಾದ ಸರಿಯಾದದ್ದೇ. ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಬಾಡಿದ ಕುಡಿಯನ್ನು ವಾರವಾರ ಚಿವುಟಿಸುವುದು, ಬಲೆ ಕಟ್ಟುವುದು, ಹೊಡೆಯಲೇಬೇಕಾದರೆ ಕೀಳುವಂಥ ಕಾಯನ್ನೆಲ್ಲ ಮೊದಲು ಕಿತ್ತು ಆಮೇಲೆ ಹೊಡೆಯುವುದು, ದಿನ ಕಳೆಯುವವರೆಗೆ ಗಿಡ ಮುಟ್ಟದಿರುವುದು. ನಡುವೆ ಬಲಿತುಹೋದ ಕಾಯಿ ನಷ್ಟವೇ ಆಯಿತು, ಸುಳ್ಳು ಹೇಳುವುದಿಲ್ಲ. ಔಷಧಿಯ ಖರ್ಚು ಇಳಿದದ್ದೂ ನಿಜ. ಅಜ್ಜಿ ಬಚ್ಚಲ ಹಿಂದಿನ ಗಿಡ ಮಾತ್ರ ಇನ್ನೂ ಬಿಟ್ಟಿಲ್ಲ. ಹೊಲದ ಕಾಯನ್ನು ಅವರು ತಮ್ಮ ಕೆಂಡಕ್ಕೆ ಯಾವಾಗ ಇಡುತ್ತಾರೋ ನೋಡೋಣ ಎಂದು ನಾನೂ ಅವರ ಮಗನೂ ಕಾಯುತ್ತಿದ್ದೇವೆ.

ನಿಮ್ಮ ಹಿತ್ತಲಿಗೂ ಆರು ಗಿಡ ಸಾಕು, ಎರಡೆರಡು ಅಡಿ ಅಂತರಕ್ಕೆ. ಹಿಂದಿನ ಬೆಳೆ ಟೊಮ್ಯಾಟೊ, ಮೆಣಸಿನಕಾಯಿ, ಬದನೆಯೇ ಆಗಿದ್ದ ಜಾಗ ಬೇಡ, ಸೊರಗು ರೋಗ ಬರುತ್ತದೆ. ಬೀಜಕ್ಕೆ ಅಂಗಡಿಗೆ ಹೋಗಬೇಕಿಲ್ಲ. ನಾಟಿ ತಳಿಯ ಒಳ್ಳೆಯ ಗಿಡದಲ್ಲಿ ಹುಳು ಮುಟ್ಟದ ಒಂದು ಕಾಯನ್ನು ಹಳದಿಯಾಗುವವರೆಗೆ ಗಿಡದಲ್ಲೇ ಬಿಡಿ. ಹಣ್ಣಾದ ಮೇಲೆ ಸೀಳಿ ನೀರಿನಲ್ಲಿ ಕಿವುಚಿದರೆ ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ, ತೇಲಿದ ಜೊಳ್ಳನ್ನು ಚೆಲ್ಲಿ. ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಕಾಗದದಲ್ಲಿ ಕಟ್ಟಿಡಿ. ಹೈಬ್ರಿಡ್ ಗಿಡದ ಬೀಜ ಹೀಗೆ ಇಟ್ಟರೆ ತಾಯಿಯಂಥ ಕಾಯಿ ಬರುವುದಿಲ್ಲ. ಅದನ್ನು ಬೀಜಕ್ಕೆ ಬಿಡಬೇಡಿ, ಸುಟ್ಟು ತಿನ್ನಿ.